ಆಷಾಢ ಕಳೆಯಲಿ ಎಂದವನು

ಬೇ ಏರಿಯಾದಲ್ಲಿ ಡಾಟ್‌ಕಾಮ್ ಭರಾಟೆ ಜೋರಾಗಿದ್ದ ವರ್ಷಗಳಲ್ಲಿ ನಾನು ಅಲ್ಲಿಯ ಕನ್ನಡದವರ ಪಾಲಿಗೆ ಭಟ್ಟನಾಗಿದ್ದೆ. ವಾರದ ಐದು ದಿನ ಸ್ಯಾನ್ ಮಟಿಯೋದಲ್ಲಿ, ಇಂಟರ್ನೆಟ್ಟಿನ ಮೇಲೆ ಹೂವು ಮಾರುತ್ತೇವೆಂದು ಹೊರಟಿದ್ದ ಕಂಪನಿಯೊಂದರಲ್ಲಿ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಶನಿವಾರ ಭಾನುವಾರ ಪಂಚೆ ಉಟ್ಟು, ಕಾರಿನ ಡಿಕ್ಕಿಯಲ್ಲಿ ಕಲಶದ ಚೊಂಬು, ದರ್ಭೆ ಇಟ್ಟುಕೊಂಡು ಯಾರದಾದರೂ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಪ್ಪ ಹಾಸನದ ಕಡೆ ಪೌರೋಹಿತ್ಯ ಮಾಡಿಕೊಂಡಿದ್ದವರು. ಚಿಕ್ಕಂದಿನಲ್ಲಿ ಅವರ ಹಿಂದೆ ಮನೆಮನೆ ತಿರುಗಿದ್ದರಿಂದ ಮಂತ್ರಗಳು ಬಾಯಿಪಾಠವಾಗಿದ್ದವು.

ಆದರೆ ಜನ ನನ್ನನ್ನು ನಂಬಿದ್ದು ಮಂತ್ರಕ್ಕಲ್ಲ, ಪಂಚಾಂಗಕ್ಕೆ. ಊರಿಂದ ತರಿಸಿದ ಪಂಚಾಂಗದಲ್ಲಿ ತಿಥಿ, ನಕ್ಷತ್ರ, ರಾಹುಕಾಲ ಎಲ್ಲವೂ ಅಲ್ಲಿಯ ಹೊತ್ತಿನವು. ಅದನ್ನು ಇಲ್ಲಿಯ ಸೂರ್ಯೋದಯಕ್ಕೆ ಹೊಂದಿಸುವುದು ಒಬ್ಬೊಬ್ಬರು ಒಂದೊಂದು ಥರ ಮಾಡಿ ಗಲಿಬಿಲಿಯಾಗುತ್ತಿತ್ತು. ನಾನು ಒಂದು ಪ್ರೋಗ್ರಾಮು ಬರೆದೆ. ದಿನ, ಊರು ಹಾಕಿದರೆ ಶುಭ ಲಗ್ನದ ಹೊತ್ತು ನಿಮಿಷದ ಲೆಕ್ಕದಲ್ಲಿ ಬರುತ್ತಿತ್ತು. ಕಂಪ್ಯೂಟರಿನಿಂದ ಬಂದ ಮುಹೂರ್ತ ಎಂದಮೇಲೆ ಇಂಜಿನಿಯರುಗಳು ಎದುರಾಡುತ್ತಿರಲಿಲ್ಲ. ನವಜಾತ ಶಿಶುವಿನ ನಾಮಕರಣದಿಂದ ಹಿಡಿದು ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವವರೆಗೆ ನನ್ನ ಪ್ರಿಂಟ್‌ಔಟೇ ಅಂತಿಮ.

ಆ ಅಧಿಕಾರ ನನ್ನ ತಲೆಗೇರಿತ್ತು, ಒಪ್ಪಿಕೊಳ್ಳುತ್ತೇನೆ. ಒಂದು ಸಲ ಕೊಲ್ಲಿಯ ಆಚೆ ದಡದ ನೆವಾರ್ಕಿನ ಗಂಡ ಹೆಂಡತಿ ಒಂದು ಮನೆ ನೋಡಿ, ಮಾರುವವರು ಒಪ್ಪಿ, ಕಾಗದಕ್ಕೆ ಸಹಿ ಹಾಕುವುದೊಂದೇ ಬಾಕಿ ಇದ್ದಾಗ ನನ್ನನ್ನು ಕೇಳಿದರು. ಆಷಾಢ, ಕೂಡದು ಎಂದೆ. ಅವರು ಕಾದರು. ಮನೆ ಒಂದು ವಾರಕ್ಕೆ ಇನ್ನೊಬ್ಬರ ಪಾಲಾಯಿತು. ಆ ಹೆಂಗಸು ಫೋನಿನಲ್ಲಿ ಅತ್ತರು. ನನಗೆ ಪಾಪ ಎನಿಸಲಿಲ್ಲ. ನನ್ನ ಮಾತಿಗೆ ಇಷ್ಟು ಬೆಲೆಯೇ ಎಂದು ಒಳಗೊಳಗೇ ಖುಷಿಯಾಯಿತು.

ನನ್ನ ಮನೆಯಲ್ಲಿ ನಾನೊಬ್ಬನೇ ಇರಲಿಲ್ಲ. ನಾಲ್ಕು ವರ್ಷದಿಂದ ಒಬ್ಬನ ಜೊತೆ ಸಂಸಾರ ಮಾಡುತ್ತಿದ್ದೆ. ಸಂಸಾರ ಎಂದೇ ಹೇಳುತ್ತೇನೆ, ಬೇರೆ ಪದ ನನ್ನಲ್ಲಿಲ್ಲ. ಮಂಡ್ಯ ಕಡೆಯ ಗೌಡರ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ನೆವಾರ್ಕಿನ ಒಂದು ಕಂಪನಿಗೆ ದಿನಾ ಸೇತುವೆ ದಾಟಿ ಹೋಗಿ ಬರುತ್ತಿದ್ದ. ದೇವರು ದಿಂಡರು ಎಂದರೆ ನಗುತ್ತಿದ್ದ. ನಾನು ಸಂಧ್ಯಾವಂದನೆಗೆ ಕೂತರೆ, "ನಿಮ್ಮ ದೇವರಿಗೆ ಸ್ವಲ್ಪ ಬೇಗ ಮುಗಿಸೋಕೆ ಹೇಳು, ದೋಸೆ ಆರ್ತಾ ಇದೆ" ಎಂದು ಅಡುಗೆಮನೆಯಿಂದ ಕೂಗುತ್ತಿದ್ದ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಎರಡನೆಯ ಮಂಚ ನೆಂಟರು ನೋಡಲಿ ಎಂದು ಇಟ್ಟದ್ದು. ಕನ್ನಡದವರ ಲೆಕ್ಕದಲ್ಲಿ ನಾವು ರೂಮ್‌ಮೇಟುಗಳು.

ಅವನ ಅಕ್ಕ, ಭಾವ ಅದೇ ಸೇತುವೆ ದಾಟಿ ಅರ್ಧ ಗಂಟೆ ದಾರಿಯ ಡಬ್ಲಿನ್ನಿನಲ್ಲಿದ್ದರು. ಅವನ ಅಕ್ಕ ನನಗೂ ಅಕ್ಕನೇ. ತಿಂಗಳಿಗೆ ಎರಡು ಸಲವಾದರೂ ಅವಳ ಮನೆಯಲ್ಲಿ ಊಟ. ನನಗಾಗಿ ಬಸ್ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದಳು, ಆ ಪಾತ್ರೆಯನ್ನು ಮಾಂಸಕ್ಕೆ ಮುಟ್ಟಿಸುತ್ತಿರಲಿಲ್ಲ. ಬಾಕಿ ದಿನ ನಾನು ಅವಳಿಗೆ 'ನೀನು', ಪೂಜೆಯ ದಿನ ಪಂಚೆ ಉಟ್ಟು ಹೋದರೆ 'ನೀವು'.

ಚಳಿಗಾಲದಲ್ಲಿ ಅವರು ಹೊಸ ಮನೆ ಕೊಂಡರು. ಗೃಹಪ್ರವೇಶ ಮಾಡಿಸಲು ನಾನೇ. ಬೆಳಗಾಗುವ ಮೊದಲೇ ಅವನೂ ನಾನೂ ಹೋಗಿ ಇಳಿದರೆ ಮನೆಯ ಮುಂದೆ ಭಾವ ಒಂದು ಬೋರ್ಡು ಹಿಡಿದು ನಿಂತಿದ್ದರು. ಮುಂದಿನ ತಿಂಗಳು ರಾಜ್ಯದಲ್ಲಿ ಓಟು ಇತ್ತು. ಮದುವೆ ಎಂದರೆ ಒಬ್ಬ ಗಂಡು ಒಬ್ಬಳು ಹೆಣ್ಣಿನ ನಡುವೆ ಮಾತ್ರ, ಬೇರೆಯದನ್ನು ರಾಜ್ಯ ಒಪ್ಪಬಾರದು ಎಂಬ ಕಾನೂನಿಗೆ ಜನ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಎಂದು. ಹೌದು ಎನ್ನಿ ಎಂಬ ಬೋರ್ಡು ಅದು. ಚರ್ಚಿಗೆ ಹೋಗುವ ಪಕ್ಕದ ಮನೆಯವರು ಬಿಸ್ಕತ್ತಿನ ಡಬ್ಬಿಯ ಜೊತೆ ಕೊಟ್ಟಿದ್ದರಂತೆ. ಭಾವನಿಗೆ ಓಟೇ ಇರಲಿಲ್ಲ, ಗ್ರೀನ್ ಕಾರ್ಡಿಗೇ ಇನ್ನೂ ಕಾಯುತ್ತಿದ್ದರು.

"ಪಕ್ಕದ್ಮನೆಯೋರು ಅಷ್ಟು ಪ್ರೀತಿಯಿಂದ ಕೊಟ್ಟವ್ರೆ, ಬೇಡ ಅನ್ನಕಾಯ್ತದಾ? ಮದುವೆ ಉಳೀಲಿ ಅಂತ ತಾನೆ, ಒಳ್ಳೇದೇ ಅಲ್ವಾ ಭಟ್ರೇ?" ಎಂದರು. ಆಮೇಲೆ, "ಇದನ್ನ ಈಶಾನ್ಯದಲ್ಲಿ ನೆಡ್ಲಾ?" ಎಂದು ಕೇಳಿದರು.

ನಾನು ಏನು ಮಾಡಿದೆ ಗೊತ್ತೆ? ದಿಕ್ಕು ನೋಡಿದೆ. "ಈಶಾನ್ಯದಲ್ಲಿ ಭಾರ ಇಡಬಾರದು, ವಾಯವ್ಯಕ್ಕೆ ಹಾಕಿ" ಎಂದೆ. ಭಾವ ವಾಯವ್ಯದ ಹುಲ್ಲಿನಲ್ಲಿ ಅದನ್ನು ನೆಟ್ಟರು. ಅವನು ಕಲಶ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ. ವಾಪಸು ಬರುವಾಗ ಕಾರಿನಲ್ಲಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮುಂದಿನ ತಿಂಗಳು ಆ ಕಾನೂನು ಗೆದ್ದಿತು. ಆ ದಿನ ನಗಲಿಲ್ಲ.

ನಮ್ಮಂಥವರಿಗೆ ಅದೇ ವರ್ಷ ಅದೇ ರಾಜ್ಯ ಇನ್ನೊಂದನ್ನು ಕೊಟ್ಟಿತ್ತು. ಮದುವೆಯಲ್ಲ. ಒಂದು ಫಾರಂ. ಜೊತೆಯಲ್ಲಿ ಬಾಳುತ್ತಿದ್ದೇವೆ ಎಂದು ಇಬ್ಬರೂ ಬರೆದು, ನೋಟರಿಯ ಮುಂದೆ ಸಹಿ ಹಾಕಿ, ರಾಜಧಾನಿಗೆ ಪೋಸ್ಟ್ ಮಾಡಿದರೆ ಅಲ್ಲಿಯ ದಫ್ತರದಲ್ಲಿ ಸಂಗಾತಿಗಳು ಎಂದು ದಾಖಲಾಗುತ್ತಿತ್ತು. ಅದನ್ನು ತಂದವನು ಅವನೇ. ಜೂನ್ ಕೊನೆಯ ಒಂದು ಗುರುವಾರ ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ಓದಿದ.

"ಇದರಲ್ಲಿ ನಮಗೆ ಸಿಗೋದು ಹೆಚ್ಚು ಕಮ್ಮಿ ಒಂದೇ ಕಣೋ. ಆಸ್ಪತ್ರೆ ಸೇರಿದ್ರೆ ಒಬ್ಬರನ್ನೊಬ್ಬರು ನೋಡೋಕೆ ಬಿಡ್ಬೇಕಂತೆ, ಗಂಡ ಹೆಂಡ್ತಿ ಥರ. ಅಷ್ಟಕ್ಕೆ ಮೊದ್ಲು ಆಸ್ಪತ್ರೆ ಸೇರ್ಬೇಕು."

"ನಾಳೆ ಮಧ್ಯಾಹ್ನ ರಜ ಹಾಕಿದೀನಿ, ಬ್ಯಾಂಕಲ್ಲಿ ನೋಟರಿ ಇರ್ತಾಳೆ" ಎಂದೂ ಹೇಳಿದ.

ನಾನು ಎದ್ದು ಹೋಗಿ ಪ್ರಿಂಟ್‌ಔಟ್ ತಂದೆ. ಶುಕ್ರವಾರ ಚತುರ್ದಶಿ, ಶನಿವಾರ ಅಮಾವಾಸ್ಯೆ, ಭಾನುವಾರದಿಂದ ಆಷಾಢ. ಒಂದು ತಿಂಗಳು ಕಾಯೋಣ, ಶ್ರಾವಣದಲ್ಲಿ ಮೊದಲ ಒಳ್ಳೆಯ ದಿನ ಸಹಿ ಹಾಕೋಣ ಎಂದೆ.

ಅವನು ನನ್ನನ್ನು ನೋಡಿಯೇ ನೋಡಿದ. "ನಮ್ಮಿಬ್ಬರ ಮದುವೆಗೆ ಯಾವ ದೇವರು ಬಂದು ಅಕ್ಷತೆ ಹಾಕ್ತಾನೆ ಅಂತ ಆಷಾಢ ನೋಡ್ತೀಯೋ? ನಿನ್ನ ಶಾಸ್ತ್ರ ನಮ್ಮನ್ನ ಬಾಗಿಲ ಹೊರಗೇ ನಿಲ್ಸಿದೆ. ಹೊರಗೆ ನಿಂತೋರಿಗೂ ಅಮಾವಾಸ್ಯೆನಾ? ಇದು ಮದುವೆ ಅಲ್ಲ ಮಾರಾಯ, ಫಾರಂ."

"ನಿನಗೆ ಫಾರಂ. ನನಗೆ ಮದುವೆ."

ಅವನು ಫಾರಂ ಮಡಿಸಿ ಫ್ರಿಜ್ಜಿನ ಮೇಲಿಟ್ಟ. ಊರಿನವರಿಗೆಲ್ಲ ಒಂದು ನ್ಯಾಯ, ನನಗೇ ಬೇರೆ ನ್ಯಾಯ ಆಗಬಾರದು ಎನ್ನುವ ಜಂಬವೂ ನನ್ನಲ್ಲಿತ್ತು. ಆದರೆ ಆಣೆ ಮಾಡಿ ಹೇಳುತ್ತೇನೆ, ಜಂಬಕ್ಕಿಂತ ಭಯ ಹೆಚ್ಚಿತ್ತು. ಇಡೀ ಜೀವನದಲ್ಲಿ ಒಂದೇ ಒಂದು ಸಲ ಮದುವೆಯಾಗುವುದು, ಅದು ಕೆಟ್ಟ ಹೊತ್ತಿನಲ್ಲಿ ಆಗಿ ಅವನಿಗೆ ಏನಾದರೂ ಆದರೆ ಎನ್ನುವ ಭಯ.

ಆಷಾಢದ ಮೂರನೇ ವಾರ ಅವನು ಬೆಳಿಗ್ಗೆ ಆಫೀಸಿಗೆ ಹೊರಟವನು ಸೇತುವೆ ದಾಟಿ ಫ್ರೀವೇ ಸೇರುವ ಕಡೆ, ಮುಂದೆ ತಟ್ಟನೆ ನಿಂತ ಟ್ರಕ್ಕಿಗೆ ಗುದ್ದಿದ. ತಲೆಗೆ ಪೆಟ್ಟು, ಪಕ್ಕೆಲುಬು ಮುರಿದಿತ್ತು. ಅವನ ಆಫೀಸಿನಲ್ಲಿ ತುರ್ತಿಗೆ ಕರೆಯಬೇಕಾದವರ ಜಾಗದಲ್ಲಿ ಅಕ್ಕನ ನಂಬರಿತ್ತು. ನನ್ನ ಆಫೀಸಿನಲ್ಲಿ ಅದೇ ಜಾಗದಲ್ಲಿ ಅವನ ನಂಬರಿತ್ತು. ಇದನ್ನು ನಾನು ಗಮನಿಸಿದ್ದು ಅವತ್ತೇ. ಅಕ್ಕ ಫೋನ್ ಮಾಡಿದಾಗ ಹತ್ತೂವರೆ.

ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಕೂತಿದ್ದ ಹುಡುಗಿ, ಮನೆಯವರಿಗೆ ಮಾತ್ರ ಪ್ರವೇಶ ಎಂದಳು. ನಾನು ಅವನ ಸಂಗಾತಿ ಎಂದೆ. ಆ ಮಾತನ್ನು ಗಟ್ಟಿಯಾಗಿ ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಅವಳು ಮುಖ ಸಿಂಡರಿಸಲಿಲ್ಲ. ರಿಜಿಸ್ಟರ್ ಆಗಿದೆಯಾ, ಆಗಿದ್ದರೆ ನೇರ ಒಳಗೆ ಹೋಗಬಹುದು, ಕಾನೂನೇ ಇದೆ ಎಂದಳು. ಫಾರಂ ಮನೆಯಲ್ಲಿದೆ, ಸಹಿ ಆಗಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಆ ಹಾಲಿನಲ್ಲಿ ನಿಂತು, ಸಾಫ್ಟ್‌ವೇರ್ ಕಂಪನಿಯ ಬ್ಯಾಡ್ಜು ನೇತುಹಾಕಿಕೊಂಡು, ಆಷಾಢ ಎಂದರೇನು ಎಂದು ವಿವರಿಸಬೇಕಾಗುತ್ತಿತ್ತು. ಹಾಗಾದರೆ ಮನೆಯವರು ಹೇಳಿದರೆ ಬಿಡುತ್ತೇವೆ ಎಂದು ಅಕ್ಕನ ಕಡೆ ಕೈ ತೋರಿಸಿದಳು.

ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಭಾವ ಒಳಗಿದ್ದರು.

"ಅಕ್ಕಾ, ನನ್ನನ್ನ ಒಳಗೆ ಬಿಡೋಕೆ ಹೇಳಿ. ನೀವು ಒಂದು ಮಾತು ಹೇಳಿದ್ರೆ ಸಾಕು."

"ಏನಂತ ಹೇಳ್ಲಪ್ಪ? ನೀನ್ಯಾರು ಅಂತ ಹೇಳ್ಲಿ?"

"ನಿಮಗೆ ಗೊತ್ತು."

"ನಂಗೇನೂ ಗೊತ್ತಿಲ್ಲ." ಅವಳು ದನಿ ಏರಿಸಲಿಲ್ಲ. "ಗೊತ್ತಿಲ್ದೆ ಇರೋದ್ರಿಂದ್ಲೇ ನಾಕು ವರ್ಸ ನಿಂಗೆ ಅನ್ನ ಹಾಕಿವ್ನಿ. ಗೊತ್ತಾದ್ರೆ ಹಾಕಕಾಗಕಿಲ್ಲ. ನಾಳೆ ನಮ್ಮವ್ವ ಫೋನ್ ಮಾಡುದ್ರೆ ಒಳಗೆ ಯಾರವ್ರೆ ಅಂತ ಹೇಳ್ಲಿ? ಬುಡು. ಆ ಮಾತು ಆಡ್ಬೇಡ."

ಸೆರಗಿನಿಂದ ಮೂಗು ಒರೆಸಿಕೊಂಡು ಅವಳೇ ಮತ್ತೆ ಶುರುಮಾಡಿದಳು. "ಮೃತ್ಯುಂಜಯ ಜಪ ಮಾಡ್ತೀರಾ? ನೀವು ಮಾಡುದ್ರೆ ದೇವ್ರು ಕೇಳ್ತಾನೆ."

ಮಾಡಿದೆ. ಬೇರೆ ಏನು ಮಾಡಲಿ? ಅದೇ ಹಾಲಿನಲ್ಲಿ, ಕಾಫಿ ಮಷೀನಿನ ಪಕ್ಕ, ಬೂಟು ಬಿಚ್ಚಿಟ್ಟು ಕಾಲು ಮಡಿಸಿ ಕೂತು ಬೆರಳೆಣಿಸಿಕೊಂಡು ಜಪ ಮಾಡಿದೆ. ಬೇರೆ ರೋಗಿಗಳ ಕಡೆಯವರು ದೂರ ಸರಿದು ಕೂತರು. ಅಕ್ಕ ಒಳಗೆ ಹೋಗುವಳು, ಹೊರಗೆ ಬರುವಳು. ಒಳಗೆ ಹೇಗಿದ್ದಾನೆ ಎಂದು ನಾನು ಕಣ್ಣಲ್ಲೇ ಕೇಳಿದರೆ, ನಿಲ್ಲಿಸಬೇಡ ಎನ್ನುವಂತೆ ಕೈ ಮಾಡುವಳು.

ಎರಡನೇ ದಿನ ಮಧ್ಯಾಹ್ನ ಭಾವ ಒಂದು ಸುದ್ದಿ ತಂದರು. ಆಸ್ಪತ್ರೆಯಲ್ಲಿ ಪಾದ್ರಿಗಳನ್ನು ಒಳಗೆ ಬಿಡುತ್ತಾರಂತೆ, ನಮ್ಮ ಭಟ್ಟರನ್ನೂ ಬಿಡುತ್ತಾರಂತೆ. ಅಕ್ಕನ ಮುಖ ಅರಳಿತು. ನಿಜವಾಗಿ ನನ್ನ ಮೇಲಿನ ಕರುಣೆಯಿಂದಲೇ ಅರಳಿತು ಎಂದುಕೊಂಡಿದ್ದೇನೆ. "ಹಂಗಾದ್ರೆ ಬನ್ನಿ ಭಟ್ರೇ, ವಿಭೂತಿ ಇಡೋರಂತೆ" ಎಂದಳು. ಬಾಗಿಲ ಹುಡುಗಿ ನನ್ನ ಶರ್ಟಿಗೆ ಧರ್ಮಗುರು ಎಂಬ ಚೀಟಿ ಅಂಟಿಸಿದಳು. ನಿನ್ನೆ ಸಂಗಾತಿ ಎಂದವನು ಇವತ್ತು ಗುರುವಾದದ್ದು ಅವಳಿಗೆ ನೆನಪಿತ್ತು. ಅವಳು ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ.

ಒಳಗೆ ಅವನ ಮುಖ ಊದಿ ಗುರುತೇ ಸಿಗುತ್ತಿರಲಿಲ್ಲ. ಬಾಯಿಗೆ ನಳಿಗೆ ಹಾಕಿದ್ದರು. ಅಕ್ಕ ಮಂಚದ ಕಾಲ ಬಳಿ ನಿಂತು ಕೈಮುಗಿದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ಪುರೋಹಿತ ಎಲ್ಲಿ ಮುಟ್ಟಬಹುದೋ ಅಲ್ಲಿ ಮಾತ್ರ ಮುಟ್ಟಬಹುದು. ಹೆಬ್ಬೆರಳಿನಿಂದ ಹಣೆಗೆ ವಿಭೂತಿ ಇಟ್ಟೆ. ಮಂತ್ರ ಮುಗಿದರೆ ಬೆರಳು ತೆಗೆಯಬೇಕಲ್ಲ ಎಂದು ಒಂದೇ ಮಂತ್ರವನ್ನು ಸುತ್ತಿ ಸುತ್ತಿ ಹೇಳಿದೆ. ಅಕ್ಕನಿಗೆ ಮಂತ್ರ ಬಾರದಿದ್ದರೂ ಕಿವಿ ಚುರುಕು. "ಸಾಕು ಬನ್ನಿ, ಅವ್ನು ಮಲಗ್ಲಿ" ಎಂದಳು. ಹೀಗೆ ಮೂರು ದಿನ, ದಿನಕ್ಕೆ ಐದು ನಿಮಿಷ.

ಅಲ್ಲಿ ಒಬ್ಬಳು ನರ್ಸ್ ಇದ್ದಳು. ಫಿಲಿಪೀನ್ಸಿನವಳು, ನಡುವಯಸ್ಸು, ಕೊರಳಲ್ಲಿ ಶಿಲುಬೆ. ಆ ಶಿಲುಬೆ ಕಂಡು, ಇವಳೂ ವಾಯವ್ಯದಲ್ಲಿ ಬೋರ್ಡು ನೆಡುವವಳೇ ಎಂದು ತೀರ್ಮಾನಿಸಿ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ನಾಲ್ಕನೇ ದಿನ ಅವಳೇ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದಳು. ನೀನು ಅವನ ಪಾದ್ರಿ ಅಲ್ಲ ಎಂದು ನನಗೆ ಗೊತ್ತು, ಪಾದ್ರಿಗಳು ಹಾಗೆ ಅಳುವುದಿಲ್ಲ ಎಂದಳು. ನಾನು ಅತ್ತದ್ದು ನನಗೇ ಗೊತ್ತಿರಲಿಲ್ಲ. ಅವನಿಗೆ ನಾಳೆ ಎಚ್ಚರವಾಗುತ್ತದೆ, ಎಚ್ಚರವಾದಮೇಲೆ ಯಾರು ಬರಬೇಕು ಯಾರು ಬರಬಾರದು ಎಂದು ಹೇಳುವ ಹಕ್ಕು ಅವನೊಬ್ಬನದು, ಅಕ್ಕನದೂ ಅಲ್ಲ, ನನ್ನದೂ ಅಲ್ಲ, ನಾನೇ ಕೇಳುತ್ತೇನೆ ಎಂದಳು. ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ಫಾರಂ ಇಲ್ಲದಿದ್ದರೇನು, ಅವನ ಬಾಯಿ ಇದೆಯಲ್ಲ ಎಂದುಕೊಂಡೆ.

ಮರುದಿನ ನಳಿಗೆ ತೆಗೆದಿದ್ದರು. ಕಣ್ಣು ಬಿಟ್ಟಿದ್ದ. ನರ್ಸ್ ಏನೋ ನೆಪ ಹೇಳಿ ಅಕ್ಕನನ್ನೂ ಭಾವನನ್ನೂ ಹೊರಗೆ ಕಳಿಸಿದಳು, ಪರದೆ ಎಳೆದಳು. ಅವನ ಮೇಲೆ ಬಾಗಿ, ಇಲ್ಲಿ ಬೇರೆ ಯಾರೂ ಇಲ್ಲ, ನೀನು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದಳು. ನನ್ನ ಕಡೆ ಕೈ ತೋರಿಸಿ, ಇವರು ನಿನಗೆ ಏನಾಗಬೇಕು ಎಂದು ಕೇಳಿದಳು.

ಅವನು ನನ್ನನ್ನು ನೋಡಿದ. ಗುರುತು ಹಿಡಿಯಲಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ಎಷ್ಟೋ ವರ್ಷ ಹೆಣಗಿದ್ದೇನೆ. ಚೆನ್ನಾಗಿಯೇ ಗುರುತು ಹಿಡಿದ.

ನಮ್ಮಕ್ಕನ ಮನೆಯ ಭಟ್ಟರು ಎಂದ, ಇಂಗ್ಲಿಷಿನಲ್ಲಿ.

ನರ್ಸ್ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಅವಳು ನನ್ನ ಭುಜ ಮುಟ್ಟಿ ಪರದೆಯ ಆಚೆ ಹೋದಳು. ಆಗ ಕನ್ನಡದಲ್ಲಿ ಮಾತಾಡಿದ. ದನಿ ಉಡುಗಿಹೋಗಿತ್ತು, ನಾನು ಬಗ್ಗಿ ಕೇಳಬೇಕಾಯಿತು.

"ಸೈನ್ ಹಾಕ್ಲಿಲ್ವಲ್ಲ, ಒಳ್ಳೇದಾಯ್ತು. ನೀನು ಸರಿಯಾಗಿ ಹೇಳ್ದೆ ಕಣೋ. ನಾನು ನಗ್ತಿದ್ದೆ. ಹಾಕೋಣ ಅಂತ ಬರೀ ಮನಸ್ಸು ಮಾಡಿದ್ದಕ್ಕೇ ದೇವರು ಇಷ್ಟು ಮಾಡ್ದ. ಹಾಕಿದ್ರೆ ಉಳೀತಿರ್ಲಿಲ್ಲ. ಹೋಗು ನೀನು."

ನಾಲ್ಕು ವರ್ಷ ನನ್ನ ದೇವರನ್ನು ಗೇಲಿ ಮಾಡಿದವನು ಒಂದೇ ವಾರದಲ್ಲಿ ನನಗಿಂತ ದೊಡ್ಡ ಭಕ್ತನಾಗಿದ್ದ, ಅದೂ ನನ್ನ ಬಾಯಿಂದಲೇ ಕೇಳಿ. ನನಗೆ ಆ ಕ್ಷಣ ಬಂದದ್ದು ದುಃಖವಲ್ಲ, ಸಿಟ್ಟು. ಮುರಿದ ಪಕ್ಕೆಲುಬಿನ ಮೇಲೆ ಕೈಯಿಟ್ಟು ಒತ್ತಬೇಕು ಅನ್ನಿಸಿತು. ಒತ್ತಲಿಲ್ಲ. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಅಕ್ಕ ಎದ್ದು ನಿಂತು, "ನಿಮ್ಮ ಜಪ ಫಲಿಸ್ತು" ಎಂದು ಅಳತೊಡಗಿದಳು.

ಅವನು ಡಬ್ಲಿನ್ನಿಗೆ ಹೋದ. ಭಾವ ಒಂದು ಭಾನುವಾರ ಬಂದು ಬಟ್ಟೆ, ಪಾಸ್‌ಪೋರ್ಟು, ಎರಡನೆಯ ಮಂಚ ತೆಗೆದುಕೊಂಡು ಹೋದರು.

ಮರುವರ್ಷ ಡಾಟ್‌ಕಾಮ್ ಬಲೂನು ಒಡೆದು ನನ್ನ ಹೂವಿನ ಕಂಪನಿ ಮುಚ್ಚುವ ಹೊತ್ತಿಗೆ ಅಕ್ಕನ ಫೋನ್ ಬಂತು. ಪಂಚೆ ಉಡದಿದ್ದರೂ ಈಗ ನಾನು ಅವಳಿಗೆ ಯಾವಾಗಲೂ 'ನೀವು'. ತಮ್ಮನಿಗೆ ಹೆಣ್ಣು ಗೊತ್ತಾಗಿದೆ, ಇಲ್ಲೇ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿರುವ ಹುಡುಗಿ, ದೇವಸ್ಥಾನದ ಹಾಲಿನಲ್ಲೇ ಮದುವೆ ಎಂದಳು. "ಮುಹೂರ್ತ ನೀವೇ ಇಟ್ಕೊಡ್ಬೇಕು. ನಿಮ್ಮ ಕಂಪ್ಯೂಟರ್ನಾಗೆ ನೋಡಿ. ಅವ್ನೂ ನಿಮ್ಮ ಹತ್ರಾನೇ ಕೇಳು ಅಂದ."

ಕೂತು ನೋಡಿದೆ. ಪ್ರೋಗ್ರಾಮು ಎರಡು ಒಳ್ಳೆಯ ಲಗ್ನ ತೋರಿಸಿತು. ಅವುಗಳನ್ನು ಬಿಟ್ಟು ಹುಡುಕಿದೆ. ಒಳ್ಳೆಯ ತಿಂಗಳು, ಒಳ್ಳೆಯ ತಿಥಿ, ಯಾವ ಕ್ಯಾಲೆಂಡರಿನಲ್ಲಿ ನೋಡಿದರೂ ತಪ್ಪು ಕಾಣದ ದಿನ. ಆ ದಿನದೊಳಗೆ ಒಂದು ಹೊತ್ತು, ಲಗ್ನದಿಂದ ಎಂಟನೇ ಮನೆಯಲ್ಲಿ ಕುಜ ಕೂತಿರುವ ಹೊತ್ತು. ಮದುವೆಗೆ ಅದು ಅಪ್ಪ ಕಲಿಸಿದ ಮೊದಲ ನಿಷೇಧ. ಆ ಹೊತ್ತಿನಲ್ಲಿ ಕಟ್ಟಿದ ತಾಳಿ ನಿಲ್ಲುವುದಿಲ್ಲ, ಮನೆ ಬೆಳೆಯುವುದಿಲ್ಲ ಎನ್ನುತ್ತಿದ್ದರು. ಇಲ್ಲಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿ ಪರೀಕ್ಷಿಸುವವರು ಬೇರೆ ಯಾರೂ ಇರಲಿಲ್ಲ. ಆ ಹುಡುಗಿ ನನಗೆ ಏನು ಕೇಡು ಮಾಡಿದ್ದಳು? ಏನೂ ಇಲ್ಲ. ಅದು ತಿಳಿದೂ, ಹತ್ತೂ ಹದಿನೆಂಟರಿಂದ ಹತ್ತೂ ನಲವತ್ತು ಎಂದು ಟೈಪ್ ಮಾಡಿ, ಮೇಲೆ ಶ್ರೀಕಾರ ಹಾಕಿ ಫ್ಯಾಕ್ಸ್ ಕಳಿಸಿದೆ. ಮದುವೆಗೆ ಹೋಗಲಿಲ್ಲ.

ಆಮೇಲೆ ಎಷ್ಟೋ ವರ್ಷ ಕೆಟ್ಟ ಸುದ್ದಿಗಾಗಿ ಕಾದಿದ್ದೇನೆ. ಕನ್ನಡದವರು ಸಿಕ್ಕಲ್ಲೆಲ್ಲ ಸುತ್ತುಬಳಸಿ ವಿಚಾರಿಸಿದ್ದೇನೆ. ಚೆನ್ನಾಗಿದ್ದಾರೆ, ಇಬ್ಬರು ಮಕ್ಕಳು. ಅವನ ಕೂದಲು ನೆರೆತಿದೆಯಂತೆ. ಯಾರಾದರೂ ಆ ಸಂಸಾರವನ್ನು ಹೊಗಳಿದರೆ, ಎಲ್ಲ ಅವತ್ತು ಭಟ್ಟರು ಇಟ್ಟುಕೊಟ್ಟ ಮುಹೂರ್ತದ ಗುಣ ಎಂದು ಅಕ್ಕ ಈಗಲೂ ಹೇಳುತ್ತಾಳಂತೆ.